ಬಲಗಡೆಯ ಜೇಬು

ಜನವರಿ 9, ಗುರುವಾರ

ತಿಂದದ್ದನ್ನೆಲ್ಲ ಬರೆದಿಡಿ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಅದಕ್ಕೆಂದು ಹೊಸ ಪುಸ್ತಕ ಕೊಳ್ಳುವವಳು ನಾನಲ್ಲ. ಅಂಗಡಿಯ ಹಳೆಯ ಆರ್ಡರ್ ಪುಸ್ತಕ ಅರ್ಧ ಖಾಲಿ ಉಳಿದಿತ್ತು. ಅದನ್ನೇ ತಿರುಗಿಸಿ ಹಿಂದಿನಿಂದ ಶುರು ಮಾಡಿದ್ದೇನೆ.

ರೋಗದ ಹೆಸರು ಸೀಲಿಯಾಕ್. ಗೋಧಿಯಲ್ಲಿ ಗ್ಲುಟೆನ್ ಎಂಬ ಜಿಗುಟು ಇರುತ್ತದೆ. ಅದು ಹೊಟ್ಟೆಗೆ ಹೋದಾಗಲೆಲ್ಲ ನನ್ನ ಮೈಯೇ ನನ್ನ ಕರುಳಿನ ಮೇಲೆ ಬೀಳುತ್ತದಂತೆ. ಎರಡು ವರ್ಷದ ಹೊಟ್ಟೆಯುಬ್ಬರ, ಸುಸ್ತು, ಒಂಬತ್ತು ಕೆಜಿ ಇಳಿದದ್ದು, ಎಲ್ಲಕ್ಕೂ ಇದೇ ಕಾರಣ. ಮಾತ್ರೆ ಇಲ್ಲ, ಆಪರೇಷನ್ ಇಲ್ಲ. ಗೋಧಿ, ಬಾರ್ಲಿ ಸಾಯುವ ತನಕ ಬಿಡಬೇಕು, ಅಷ್ಟೇ. ರಕ್ತದಲ್ಲಿ ಒಂದು ಅಂಕಿ ನೋಡುತ್ತಾರೆ, ಹತ್ತರೊಳಗೆ ಇರಬೇಕು. ನನ್ನದು ನೂರ ಎಂಬತ್ತಾರು.

"ಏನ್ ಕೆಲಸ ಮಾಡ್ತೀರಾ?" ಎಂದು ಕೇಳಿದರು.

"ಬೇಕರಿ."

"ಬೇಕರೀಲಿ ಏನು?"

"ಭಟ್ಟಿ ನಂದೇ. ಹಿಟ್ಟು ಕಲಸೋದು, ನಾದೋದು, ಬೇಯ್ಸೋದು. ಇಪ್ಪತ್ತೇಳು ವರ್ಷ ಆಯ್ತು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ನಗುತ್ತಾರೇನೋ ಅಂದುಕೊಂಡೆ. ನಗಲಿಲ್ಲ.

"ಗಾಳೀಲಿ ತೇಲೋ ಹಿಟ್ಟೂ ಬಾಯಿಗೆ ಹೋಗುತ್ತೆ ಕಣ್ರೀ. ಆ ಕೆಲಸ ಬಿಡೋದೇ ಒಳ್ಳೇದು."

"ಮಾಸ್ಕ್ ಹಾಕ್ಕೋತೀನಿ."

"ಬಿಡಕ್ಕಾಗಲ್ವಾ?"

"ಆಗಲ್ಲ."

ಕೊನೆಗೆ ಒಪ್ಪಂದವಾಯಿತು. ಮಾಸ್ಕ್ ಹಾಕಿಕೊಂಡು ಆರು ತಿಂಗಳು. ಅಷ್ಟರಲ್ಲಿ ಅಂಕಿ ಸರಿಯಾಗಿ ಇಳಿಯದಿದ್ದರೆ ಭಟ್ಟಿ ಬಿಡಬೇಕು.

ಅಪ್ಪ ಹೋಗುವಾಗ ಅಂಗಡಿಯನ್ನು ಅಣ್ಣನಿಗೆ ಕೊಟ್ಟ, ಭಟ್ಟಿಯನ್ನು ನನಗೆ ಕೊಟ್ಟ. "ಅವನಿಗೆ ಲೆಕ್ಕ ಗೊತ್ತಾಗುತ್ತೆ, ಇವಳಿಗೆ ಕಾವು ಗೊತ್ತಾಗುತ್ತೆ" ಎಂದು ಎಲ್ಲರೆದುರು ಹೇಳಿದ್ದ. ನನಗೆ ನಲವತ್ನಾಲ್ಕು. ಮದುವೆಯಿಲ್ಲ, ಮಕ್ಕಳಿಲ್ಲ. ಆ ಭಟ್ಟಿಯನ್ನೂ ಬಿಟ್ಟರೆ ಬೆಳಿಗ್ಗೆ ಎದ್ದು ನಾನು ಹೋಗುವುದೆಲ್ಲಿಗೆ?

ಜನವರಿ 10, ಶುಕ್ರವಾರ

ಅನ್ನ, ಮೊಟ್ಟೆ. ಅನ್ನ, ಬೇಯಿಸಿದ ಕ್ಯಾರೆಟ್. ಅನ್ನ, ಮೊಸರು.

ನಾಳೆಯದನ್ನೂ ಇವತ್ತೇ ಬರೆದಿಟ್ಟರೆ ನಡೆಯುತ್ತದೆ.

ಜನವರಿ 28, ಮಂಗಳವಾರ

ಕೆಳಗೆ ಅಂಗಡಿ, ಹಿಂದೆ ಭಟ್ಟಿ ಮನೆ, ಮೇಲೆ ನಾವು ಮೂವರು: ಅಣ್ಣ, ಅತ್ತಿಗೆ, ನಾನು. ಮೇಲಿನ ಅಡುಗೆಮನೆಯಲ್ಲಿ ನನ್ನ ಪಾತ್ರೆ, ಸೌಟು, ತಟ್ಟೆಗಳಿಗೆಲ್ಲ ಕೆಂಪು ಟೇಪು ಸುತ್ತಿದ್ದೇನೆ. ಅವನ್ನು ಬೇರೆ ಯಾವುದಕ್ಕೂ ಬಳಸಬಾರದು ಎಂದು ಅತ್ತಿಗೆಗೆ ನಾಲ್ಕು ಸಲ ಹೇಳಿದೆ. "ನಂಗೆ ಒಂದ್ಸಲ ಹೇಳಿದ್ರೆ ಅರ್ಥ ಆಗುತ್ತೆ ಪುಟ್ಟಿ" ಎಂದರು. ಅತ್ತಿಗೆ ಕೌಂಟರಿನಲ್ಲಿ ಕೂರುವವರು. ಇಡೀ ದಿನ ಬನ್ನು, ಬಿಸ್ಕತ್ತು ಕಟ್ಟಿ ಕೊಡುವ ಕೈ. ಆ ಕೈ ಬಗ್ಗೆಯೇ ನನಗೆ ಚಿಂತೆ.

ಯಾವ ಪೊಟ್ಟಣದ ಹಿಂದೆ ಏನು ಬರೆದಿದೆ ಎಂದು ಓದಿ ಓದಿ ಕಣ್ಣು ಹೋಗುವುದೊಂದು ಬಾಕಿ. ಸಾಸಿನಲ್ಲಿ ಗೋಧಿ, ಸೂಪಿನ ಪುಡಿಯಲ್ಲಿ ಗೋಧಿ, ಚಾಕಲೇಟಿನಲ್ಲೂ ಬಾರ್ಲಿ. ಊಟಕ್ಕೆ ಕೂತಾಗಲೆಲ್ಲ ಇದನ್ನೇ ಹೇಳುತ್ತಿದ್ದೆ. ಅಣ್ಣನಿಗೆ ಸಾಕಾಯಿತು.

"ನಮ್ಮ ತಲೆ ತಿನ್ನೋ ಬದ್ಲು ಫೋನಲ್ಲಿ ಬರಿ ಮಾರಾಯ್ತಿ. ನಿನ್ನಂಥೋರು ಇನ್ನೂ ನಾಕು ಜನ ಇರ್ತಾರೆ, ಓದ್ಕೋತಾರೆ."

ಅವನೇ ಒಂದು ಪೇಜ್ ಮಾಡಿಕೊಟ್ಟ. ಹೆಸರು ನಾನಿಟ್ಟೆ: 'ಬ್ರೆಡ್ಡು ಬಿಟ್ಟ ಬ್ರೆಡ್ಡಿನವಳು'. ಮೊದಲ ದಿನ ಸಾಸಿನ ಬಗ್ಗೆ ಬರೆದೆ. ಓದಿದವರು ಇಬ್ಬರು. ಒಬ್ಬ ಅಣ್ಣ.

ಫೆಬ್ರವರಿ 17, ಸೋಮವಾರ

ಸೋಮವಾರ ಅಂಗಡಿಗೆ ರಜೆ. ಗೋಧಿಯಿಲ್ಲದ ಬ್ರೆಡ್ ಮಾಡಲು ಕೂತೆ. ಅಕ್ಕಿ ಹಿಟ್ಟು, ಆಲೂಗಡ್ಡೆ ಹಿಟ್ಟು, ಈಸ್ಟ್, ಉಪ್ಪು. ಹಿಟ್ಟನ್ನು ಹಿಡಿದಿಡುವ ಜಿಗುಟೇ ಇಲ್ಲ. ನಾದಲು ಹೋದರೆ ಒದ್ದೆ ಮರಳು. ಬೆಂದು ಬಂದದ್ದನ್ನು ಅಣ್ಣ ಮೇಜಿನ ಮೇಲೆ ಕುಟ್ಟಿ, "ಇದ್ರಲ್ಲಿ ಮನೆ ಕಟ್ಟಬೋದು" ಎಂದ.

ಇಟ್ಟಿಗೆಯ ಫೋಟೋ ಹಾಕಿದೆ. ನಲವತ್ತು ಜನ ನಕ್ಕರು. ಇಷ್ಟು ಜನ ಎಲ್ಲಿದ್ದರು ಇಷ್ಟು ದಿನ?

ಮಾರ್ಚ್ 24, ಸೋಮವಾರ

ಆಯಿತು! ಆರನೆಯ ಸೋಮವಾರ ಆಯಿತು!

ಗುಟ್ಟು ಇಸಬ್ಗೋಲ್. ಹೊಟ್ಟೆ ಕಟ್ಟಿದವರು ನೀರಿಗೆ ಹಾಕಿ ಕುಡಿಯುವ ಆ ಹೊಟ್ಟು. ನೆನೆಸಿದರೆ ಲೋಳೆಯಾಗಿ ಹಿಟ್ಟನ್ನು ಗಟ್ಟಿಯಾಗಿ ಹಿಡಿಯುತ್ತದೆ.

ಸ್ವಚ್ಛತೆಯಲ್ಲಿ ನನ್ನನ್ನು ಯಾರೂ ಬೆರಳು ಮಾಡಿ ತೋರಿಸಬಾರದು. ಭಾನುವಾರ ಸಂಜೆಯೇ ಭಟ್ಟಿ ಮನೆ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಗೋಡೆ ಒರೆಸಿ, ಮೇಜು ಉಜ್ಜಿ ತೊಳೆದಿದ್ದೆ. ಹೊಸ ಟಿನ್ನು, ಹೊಸ ಜರಡಿ, ಸೋಮವಾರಕ್ಕೆಂದೇ ಬೇರೆ ಏಪ್ರನ್. ಬೆಳಿಗ್ಗೆ ಭಟ್ಟಿಗೆ ಸೌದೆ ಹಾಕಿ, ಕೆಂಡ ಎಳೆದು, ಕಾವು ನೋಡಿದೆ. ಎಂಟು ಎಣಿಸುವಷ್ಟರಲ್ಲಿ ಹಿಟ್ಟು ಕೆಂಪಾಯಿತು. ಅಪ್ಪನ ಲೆಕ್ಕ ಅದು, ಐದಕ್ಕೇ ಕಪ್ಪಾದರೆ ಬಾಗಿಲು ತೆರೆದು ಕಾಯಬೇಕು, ಹನ್ನೆರಡಾದರೂ ಬಿಳಿ ಇದ್ದರೆ ಇನ್ನೆರಡು ಕೊರಡು. ಬ್ರೆಡ್ಡಿನ ನೆತ್ತಿಗೆ ಕೈಯಿಂದ ನೀರು ಸವರಿ ಒಳಗೆ ತಳ್ಳಿದೆ.

ಎರಡೂವರೆ ತಿಂಗಳ ಮೇಲೆ ಬ್ರೆಡ್ ತಿಂದೆ. ನಾಲ್ಕು ಚೂರು, ನಿಂತಲ್ಲೇ. ಅಳು ಬಂತು, ಬರೆದುಕೊಳ್ಳಲು ನಾಚಿಕೆ ಏನು.

ಏಪ್ರಿಲ್ 10, ಗುರುವಾರ

ನೂರ ಮೂವತ್ತೊಂದು! ಇಳಿದಿದೆ. ಡಾಕ್ಟರಮ್ಮನಿಗೆ "ನೋಡಿದ್ರಾ?" ಎಂದೆ. "ನೋಡ್ದೆ. ಜುಲೈಲೂ ನೋಡೋಣ" ಎಂದರು. ಸಂತೋಷಪಡುವುದನ್ನು ಅವರಿಗೆ ಯಾರೂ ಕಲಿಸಿಲ್ಲ.

ಏಪ್ರಿಲ್ 29, ಮಂಗಳವಾರ

ಪೇಜಿಗೆ ಈಗ ಎರಡು ಸಾವಿರ ಚಿಲ್ಲರೆ ಜನ. ಬ್ರೆಡ್ಡಿನ ಅಳತೆ ಹಾಕಿದ ಮೇಲೆ ಬಂದವರೇ ಹೆಚ್ಚು. ಒಬ್ಬ ತನ್ನನ್ನು 'ಬಿಸ್ಕತ್ತು ವಿರಹಿ' ಎಂದು ಕರೆದುಕೊಳ್ಳುತ್ತಾನೆ, ದಿನಾ ಒಂದು ನಿಟ್ಟುಸಿರು ಬರೆದು ಹೋಗುತ್ತಾನೆ.

ಇನ್ನೊಬ್ಬಳು ದರ್ಜಿ. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳಂತೆ. ಏಳು ವರ್ಷದ ಮಗಳಿಗೆ ಈ ರೋಗ. ಇವಳ ಪ್ರಶ್ನೆಗಳು ಮಾತ್ರ ಸೂಜಿಯೇ. ಅಕ್ಕಿ ಹಿಟ್ಟಿನ ಗಿರಣಿಯಲ್ಲಿ ಬೇರೆ ಏನು ಬೀಸುತ್ತಾರೆ? ಈಸ್ಟಿನ ಡಬ್ಬಿಯ ಹಿಂದೆ ಏನು ಬರೆದಿದೆ? ಟಿನ್ನಿಗೆ ಏನು ಸವರುತ್ತೀರಿ? ಮೊದಮೊದಲು ಸಿಟ್ಟು ಬರುತ್ತಿತ್ತು. ಇಪ್ಪತ್ತೇಳು ವರ್ಷ ಬ್ರೆಡ್ ಮಾಡಿದವಳಿಗೆ ಇವಳು ಪಾಠ ಹೇಳಲು ಬಂದಳೇ ಎಂದು. ಆದರೆ ಕೇಳುವುದರಲ್ಲಿ ತಪ್ಪಿಲ್ಲ. ಗಿರಣಿಯವನನ್ನು ವಿಚಾರಿಸಿದೆ, ಅಕ್ಕಿ ಬಿಟ್ಟು ಬೇರೇನೂ ಇಲ್ಲ.

ಜುಲೈ 10, ಗುರುವಾರ

ನೂರ ತೊಂಬತ್ತೇಳು.

ಜನವರಿಗಿಂತಲೂ ಹೆಚ್ಚು. ಡಾಕ್ಟರಮ್ಮ ಹಾಳೆಯನ್ನು ನನ್ನ ಕಡೆ ತಿರುಗಿಸಿ, "ಎಲ್ಲಿಂದಲೋ ಹೋಗ್ತಿದೆ. ಚೂರುಪಾರಲ್ಲ, ಸರಿಯಾಗೇ ಹೋಗ್ತಿದೆ" ಎಂದರು.

"ನಾನು ಒಂದು ಕಾಳು ಮುಟ್ಟಿಲ್ಲ!"

"ನೀವು ಮುಟ್ಟಿದೀರಿ ಅಂತ ನಾನಂದ್ನಾ? ಹೋಗ್ತಿದೆ ಅಂದೆ. ಭಟ್ಟಿ ವಿಷ್ಯ ಮಾತಾಡಿದ್ವಲ್ಲ."

ಇನ್ನು ಮೂರು ತಿಂಗಳು ಕೊಡಿ ಎಂದು ಕಾಲು ಹಿಡಿಯುವುದೊಂದು ಬಾಕಿ ಉಳಿಸಿ ಬೇಡಿಕೊಂಡೆ. ಅಕ್ಟೋಬರಿನವರೆಗೆ ಎಂದರು. ಇದೇ ಕೊನೆ ಎಂದರು.

ಮಾಸ್ಕ್ ತೆಗೆದಿಲ್ಲ. ಹೊರಗೆ ಒಂದು ಗುಕ್ಕು ತಿಂದಿಲ್ಲ. ಏಪ್ರಿಲಿನಲ್ಲಿ ಇಳಿದಿದ್ದು ಈಗ ಏರಿದೆ ಎಂದರೆ ಮನೆಯಲ್ಲಿ ಯಾರೋ ಹದ ತಪ್ಪಿದ್ದಾರೆ. ಯಾರು ಎಂದು ಕೇಳಬೇಕಾದ ಅಗತ್ಯವಿಲ್ಲ.

ಜುಲೈ 11, ಶುಕ್ರವಾರ

ಅತ್ತಿಗೆಗೆ ಹೇಳಿಬಿಟ್ಟೆ.

"ಕೌಂಟರಿಂದ ಹಾಗೇ ಮೇಲೆ ಬಂದು ಪಾತ್ರೆ ಮುಟ್ತೀರಾ. ಬಟ್ಟೆ ತುಂಬ ಪುಡಿ. ಇಲ್ಲಿ ನನ್ನ ಕರುಳು ಸವೀತಿದೆ ಅತ್ತಿಗೆ, ನಿಮಗೆ ಗೊತ್ತಾಗ್ತಿಲ್ಲ."

ಅತ್ತಿಗೆ ಕೈಯಲ್ಲಿದ್ದ ಪಾತ್ರೆಯನ್ನು ನಿಧಾನಕ್ಕೆ ಕೆಳಗಿಟ್ಟರು. "ನಾನು ಬಟ್ಟೆ ಬದಲಾಯಿಸ್ದೆ ಈ ಒಲೆ ಹತ್ರ ಬಂದಿಲ್ಲ ಪುಟ್ಟಿ, ಜನವರಿಯಿಂದ" ಎಂದರು.

"ಮತ್ತೆ ಅಂಕಿ ತಾನಾಗೇ ಏರ್ತಾ?"

ಅವರು ಪಾತ್ರೆಯನ್ನು ಮತ್ತೆ ತೊಳೆಯತೊಡಗಿದರು. ಅಣ್ಣ ಪೇಪರಿನಿಂದ ತಲೆ ಎತ್ತಲಿಲ್ಲ.

ಜುಲೈ 14, ಸೋಮವಾರ

ಮಹಡಿಯ ಹಿಂದಿನ ಕೋಣೆಯಲ್ಲಿ ನನ್ನದೇ ಸಣ್ಣ ಒಲೆ ಹಾಕಿಸಿಕೊಂಡೆ. ಊಟ ಬೇರೆ. ಕೋಣೆಗೆ ಬೀಗ. ಇವತ್ತು ಮೂರು ಬ್ರೆಡ್ ಮಾಡಿದೆ. ವಾರವಿಡೀ ಅದನ್ನೇ ಹೆಚ್ಚಿಗೆ ತಿನ್ನುವುದು. ಬೇರೆ ಯಾರ ಕೈಯೂ ಸೋಕದ್ದು ಅದೊಂದೇ.

ಪೇಜಿನಲ್ಲಿ 'ಮನೆಯವರನ್ನು ನಂಬಬೇಡಿ' ಎಂದು ಬರೆದೆ. ಆರುನೂರು ಜನ ಮೆಚ್ಚಿಕೊಂಡರು. ದರ್ಜಿ ಮಾತ್ರ, "ಪಾಪ, ಅವರಿಗೂ ಕಷ್ಟ ಇರುತ್ತೆ ಅಲ್ವಾ" ಎಂದು ಬರೆದಳು.

ಆಗಸ್ಟ್ 5, ಮಂಗಳವಾರ

ದರ್ಜಿಯ ಮಗಳ ಹುಟ್ಟಿದ ದಿನ ಶುಕ್ರವಾರವಂತೆ. ಬ್ರೆಡ್ ಬೇಕೆಂದು ಹಟ. ಇವಳು ಮಾಡಿದ್ದು ಮೂರು ಸಲವೂ ಉಬ್ಬದೆ ಕೂತುಬಿಟ್ಟಿದೆ. "ನೀವೇ ಒಂದು ಕಳಿಸಕ್ಕಾಗುತ್ತಾ?" ಎಂದು ಮೊನ್ನೆ ಸಂಕೋಚದಿಂದ ಕೇಳಿದಳು. ಇಷ್ಟೆಲ್ಲ ತಪಾಸಣೆ ಮಾಡುವವಳು ನನ್ನ ಕೈಯ ಬ್ರೆಡ್ ಕೇಳಿದಳಲ್ಲ ಎಂದು ಬೀಗಿದೆ. ನಿನ್ನೆ ಮಾಡಿ ಇವತ್ತು ಎರಡು ಕಳಿಸಿದೆ. ಒಂದರ ನೆತ್ತಿಯ ಮೇಲೆ ಎಂಟು ಗೀರು ಹಾಕಿದೆ, ಎಂಟು ವರ್ಷಕ್ಕೆ.

ಆಗಸ್ಟ್ 9, ಶನಿವಾರ

ಹುಡುಗಿ ರಾತ್ರಿಯೆಲ್ಲ ವಾಂತಿ ಮಾಡಿಕೊಂಡಳಂತೆ. ಹೊಟ್ಟೆ ಹಿಡಿದುಕೊಂಡು ಮಲಗಿದ್ದಾಳೆ.

"ಬ್ರೆಡ್ ಬಿಟ್ಟು ಹೊಸದೇನೂ ತಿಂದಿಲ್ಲ. ನಿಮ್ಮನ್ನ ದೂರ್ತಿಲ್ಲ, ಸುಮ್ನೆ ಕೇಳ್ತಿದೀನಿ" ಎಂದು ಬರೆದಿದ್ದಳು.

ನಾನು ಬರೆದೆ: ನನ್ನ ಭಟ್ಟಿಯಿಂದ ಹೋಗಿದ್ದರಲ್ಲಿ ತಪ್ಪಿರಲು ಸಾಧ್ಯವಿಲ್ಲ. ನಿಮ್ಮ ಮನೆಯ ಚಾಕು ನೋಡಿ. ಹಲಗೆ ನೋಡಿ. ಹುಟ್ಟಿದ ದಿನಕ್ಕೆ ಬಂದ ನೆಂಟರು ಏನು ತಂದಿದ್ದರು ನೋಡಿ.

"ನೆಂಟ್ರು ಯಾರೂ ಬಂದಿರ್ಲಿಲ್ಲ" ಎಂದು ಬಂತು.

ಆಗಸ್ಟ್ 14, ಗುರುವಾರ

ನನಗೂ ಹೊಟ್ಟೆ ಸರಿಯಿಲ್ಲ. ಮೂರು ದಿನದಿಂದ ಬ್ರೆಡ್ ಮಾತ್ರ ತಿಂದಿದ್ದೇನೆ, ಅದಾದರೂ ಹಗುರ ಎಂದು.

ಹುಡುಗಿ ಐದು ದಿನ ಶಾಲೆಗೆ ಹೋಗಿಲ್ಲವಂತೆ. ನಾನು ಕೇಳಿದ್ದಕ್ಕೆ ದರ್ಜಿ ಅಷ್ಟು ಹೇಳಿದಳು.

ಆಗಸ್ಟ್ 25, ಸೋಮವಾರ

ವಿಡಿಯೋ ಮಾಡಿದೆವು. ದರ್ಜಿ ಮಗಳ ವಿಷಯವನ್ನು ಎಲ್ಲರೆದುರು ಹೇಳದಿದ್ದರೂ ನನ್ನ ಮನಸ್ಸಿಗೆ ಚುಚ್ಚುತ್ತಿತ್ತು. ಭಟ್ಟಿ ಮನೆ ಹೇಗೆ ತೊಳೆಯುತ್ತೇನೆ, ಬ್ರೆಡ್ ಹೇಗೆ ಮಾಡುತ್ತೇನೆ, ಎಲ್ಲವನ್ನೂ ಮೊದಲಿಂದ ಕೊನೆಯವರೆಗೆ ಒಂದೇ ಉಸಿರಿಗೆ ತೋರಿಸಿಬಿಡೋಣ ಎನಿಸಿತು. ಅಣ್ಣ ಫೋನು ಹಿಡಿದ. ನಡುವೆ ಒಂದು ಸಲ ಸೀನಿದ, ಅಷ್ಟು ಬಿಟ್ಟರೆ ಚೆನ್ನಾಗಿ ಬಂದಿದೆ. ನಲವತ್ತೊಂದು ನಿಮಿಷ. ಹಿಟ್ಟು ಉಬ್ಬುವ, ಭಟ್ಟಿ ಕಾಯುವ ಹೊತ್ತು ಬಿಟ್ಟರೆ ಏನನ್ನೂ ಕತ್ತರಿಸಲಿಲ್ಲ, ಮುಚ್ಚಿಡುವಂಥದ್ದು ನನ್ನಲ್ಲಿ ಏನಿದೆ?

ಅಣ್ಣನೂ ನಾನೂ ಎರಡೆರಡು ಸಲ ನೋಡಿ ಹಾಕಿದೆವು.

ಆಗಸ್ಟ್ 27, ಬುಧವಾರ

ಮಧ್ಯಾಹ್ನ ಎರಡು ಗಂಟೆಗೆ ದರ್ಜಿ ಬರೆದಳು. ಎಲ್ಲರೆದುರಿಗಲ್ಲ, ನನಗೊಬ್ಬಳಿಗೇ.

"ಅಕ್ಕಾ, ಆರನೇ ನಿಮಿಷದಲ್ಲಿ ಜೇಬಿಗೆ ಹಾಕ್ಕೊಂಡ್ರಲ್ಲ, ಅದು ಯಾವ ಹಿಟ್ಟು?"

ಜೇಬಿಗೆ ನಾನೇನು ಹಾಕಿಕೊಂಡೆ? ಈ ಹೆಂಗಸಿಗೆ ಬೇರೆ ಕೆಲಸವಿಲ್ಲ ಎಂದುಕೊಂಡು ವಿಡಿಯೋ ತೆರೆದೆ.

ಆರನೆಯ ನಿಮಿಷ. ನಾನು ಸೋಮವಾರದ ಬಿಳಿ ಏಪ್ರನ್ ಕಟ್ಟಿಕೊಳ್ಳುತ್ತಿದ್ದೇನೆ. ಫೋನಿನ ಕಡೆ ಮುಖ ಮಾಡಿ, "ನೆನಪಿಡಿ, ಗೋಧಿ ಹಿಟ್ಟಿನ ಒಂದು ಕಣ ಕೂಡ ಹತ್ರ ಸುಳೀಬಾರ್ದು" ಎಂದು ಹೇಳುತ್ತಿದ್ದೇನೆ. ಹಾಗೆ ಹೇಳುತ್ತಿರುವಾಗಲೇ ನನ್ನ ಬಲಗೈ ಬಾಗಿಲ ಪಕ್ಕದ ಹಿಟ್ಟಿನ ಡ್ರಮ್ಮಿನ ಮುಚ್ಚಳ ಸರಿಸಿ, ಒಂದು ಹಿಡಿ ಗೋಧಿ ಹಿಟ್ಟು ತೆಗೆದು, ಏಪ್ರನ್ನಿನ ಬಲಗಡೆಯ ಜೇಬಿಗೆ ಹಾಕಿ, ಮುಚ್ಚಳ ಮುಚ್ಚುತ್ತದೆ. ನನ್ನ ಮಾತು ನಿಲ್ಲುವುದಿಲ್ಲ. ನಾನು ಆ ಕಡೆ ನೋಡುವುದೂ ಇಲ್ಲ.

ಹದಿನೆಂಟನೆಯ ನಿಮಿಷ. ಭಟ್ಟಿಯ ಬಾಗಿಲು ತೆರೆಯುತ್ತೇನೆ. ಕೈ ಜೇಬಿಗೆ ಹೋಗುತ್ತದೆ, ಒಂದು ಚಿಟಿಕೆಯಲ್ಲ, ಸರಿಯಾಗಿ ಅರ್ಧ ಹಿಡಿ ಹಿಟ್ಟನ್ನು ಭಟ್ಟಿಯ ನೆಲಕ್ಕೆ ಎರಚುತ್ತದೆ. ಬಾಯಿ ಎಣಿಸುತ್ತದೆ, ಒಂದು, ಎರಡು, ಮೂರು. ಎಂಟಕ್ಕೆ ಹಿಟ್ಟು ಕೆಂಪಾಗುತ್ತದೆ. "ಕಾವು ಸರಿಯಾಗಿದೆ" ಎನ್ನುತ್ತೇನೆ. ಆಮೇಲೆ ಅದೇ ಕೈಯನ್ನು ನೀರಿಗೆ ಅದ್ದಿ ಬ್ರೆಡ್ಡಿನ ನೆತ್ತಿಗೆ ಸವರುತ್ತೇನೆ. ಮೂರು ಬ್ರೆಡ್ಡಿಗೂ. ಪ್ರೀತಿಯಿಂದ.

ಏಪ್ರನ್ ಕಟ್ಟು, ಡ್ರಮ್ಮಿಗೆ ಕೈ ಹಾಕು, ಜೇಬಿಗೆ ಒಂದು ಹಿಡಿ. ಹದಿನೇಳನೆಯ ವಯಸ್ಸಿನಲ್ಲಿ ಅಪ್ಪ ಕಲಿಸಿದ ಮೊದಲ ಪಾಠ. ಅಪ್ಪನ ಏಪ್ರನ್ನಿಗೂ ಬಲಗಡೆಗೊಂದೇ ಜೇಬು. ನನಗೆ ಅದು ಹಿಟ್ಟು ಅನ್ನಿಸಿಯೇ ಇರಲಿಲ್ಲ. ಕಾವು ನೋಡುವ ಸಾಮಾನು ಅನ್ನಿಸಿತ್ತು. ಅಣ್ಣ ಎದುರಿಗೆ ಫೋನು ಹಿಡಿದು ನಿಂತಿದ್ದ. ಅವನಿಗೂ ಕಾಣಲಿಲ್ಲ, ಅವನೂ ಅದೇ ಭಟ್ಟಿಯ ಮುಂದೆ ಹುಟ್ಟಿ ಬೆಳೆದವನು. ಎರಡು ಸಾವಿರ ಜನ ನೋಡಿದರು. ಕಂಡದ್ದು ಜೇಬು ಹೊಲಿಯುವವಳಿಗೆ.

ಮಾರ್ಚಿನಿಂದ ಪ್ರತಿ ಸೋಮವಾರ. ಪ್ರತಿ ಬ್ರೆಡ್ಡು. ಹುಡುಗಿಗೆ ಎಂಟು ಗೀರು ಹಾಕಿದ ಆ ಬ್ರೆಡ್ಡು ಕೂಡ.

"ಗೋಧಿ ಹಿಟ್ಟು" ಎಂದು ಉತ್ತರ ಬರೆದೆ. "ನಿಮ್ಮ ಮನೆಯ ಚಾಕು ಸರಿಯಾಗಿತ್ತು. ತಪ್ಪು ನನ್ನದು. ಮಗುವಿಗೆ ಹಾಗೆ ಮಾಡಿದ್ದು ನಾನು" ಎಂದು ಆಮೇಲೆ ಬರೆದೆ.

ಓದಿದಳು.

ಆಗಸ್ಟ್ 28, ಗುರುವಾರ

ಅತ್ತಿಗೆಗೆ ಹೇಳುವುದು ದರ್ಜಿಗೆ ಹೇಳಿದಷ್ಟು ಸುಲಭವಾಗಿರಲಿಲ್ಲ. ಬರೆಯುವುದು ಬೇರೆ, ಮುಖ ನೋಡಿ ಹೇಳುವುದು ಬೇರೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿಗೆ ಕೌಂಟರಿಗೆ ಹೋದೆ. ಅತ್ತಿಗೆ ಒಳಬಾಗಿಲಿಗೆ ಬೆನ್ನು ಮಾಡಿ, ನಿಂತುಕೊಂಡು, ಅವಸರವಾಗಿ ಒಂದು ಬನ್ನು ತಿನ್ನುತ್ತಿದ್ದರು. ನನ್ನನ್ನು ಕಂಡು ಕದ್ದು ಸಿಕ್ಕಿಬಿದ್ದವರ ಹಾಗೆ ಕೈ ಕೆಳಗಿಳಿಸಿದರು.

"ಯಾಕತ್ತಿಗೆ ನಿಂತ್ಕೊಂಡು ತಿಂತೀರಾ?"

"ಮೇಲೆ ತರಬಾರ್ದಲ್ಲ. ಇಲ್ಲೇ ತಿಂದು, ಬಾಯಿ ತೊಳ್ಕೊಂಡು, ಬಟ್ಟೆ ಬದಲಾಯ್ಸಿ ಬರ್ತೀನಿ."

"ಯಾವಾಗಿಂದ?"

"ನಿಂಗೆ ಗೊತ್ತಾಗಿದ್ದು ಜನವರೀಲಿ ಅಲ್ವಾ. ಆವಾಗಿಂದ."

ಎಂಟು ತಿಂಗಳು. ಬೇಕರಿ ಮನೆಯ ಯಜಮಾನಿ ತನ್ನ ಮನೆಯಲ್ಲಿ ಕೂತು ಒಂದು ಬನ್ನು ತಿಂದಿಲ್ಲ. ನಾನು ಅವರ ಬಟ್ಟೆಯ ಪುಡಿ ಎಣಿಸುತ್ತಿದ್ದೆ.

ವಿಡಿಯೋ ತೋರಿಸಿದೆ. ಆರನೆಯ ನಿಮಿಷ, ಹದಿನೆಂಟನೆಯ ನಿಮಿಷ. ಅತ್ತಿಗೆ ಭಟ್ಟಿ ಮನೆಯ ಒಳಗೆ ಕಾಲಿಟ್ಟವರಲ್ಲ. ಅಪ್ಪನ ಕಾಲದಿಂದಲೂ ಕೌಂಟರಿನವರು ಕೌಂಟರಿಗೆ, ಭಟ್ಟಿಯವರು ಭಟ್ಟಿಗೆ. ಕಣ್ಣು ಕಿರಿದು ಮಾಡಿ ನೋಡಿದರು.

"ಅಯ್ಯೋ, ಇದ್ಯಾಕೆ ಎರಚ್ತಿದೀಯ?"

"ಕಾವು ನೋಡಕ್ಕೆ."

"ಹಿಟ್ಟಲ್ಲೇ ನೋಡ್ಬೇಕಾ?"

ನಾನು ಫೋನು ಕೆಳಗಿಟ್ಟೆ.

"ನಾನು ನಿಮ್ಮನ್ನ ಬಾಯಿಗೆ ಬಂದಂಗೆ ಅಂದೆ ಅತ್ತಿಗೆ. ತಪ್ಪಾಯ್ತು. ತುಂಬಾ ತಪ್ಪಾಯ್ತು."

ಅವರು ಗಾಜಿನ ಪೆಟ್ಟಿಗೆಯನ್ನು ಒರೆಸತೊಡಗಿದರು, ಅದು ಒರೆಸಿಯೇ ಇತ್ತು. "ಬೇಜಾರಾಗಿತ್ತು" ಎಂದರು. "ನಿನ್ನ ಒಲೆ ಬೇರೆ ಮಾಡ್ದಾಗ ಅತ್ತುಬಿಟ್ಟೆ. ನಿಮ್ಮಣ್ಣಂಗೂ ಹೇಳಿಲ್ಲ." ಆಮೇಲೆ ಕೈಯಲ್ಲಿ ಉಳಿದ ಅರ್ಧ ಬನ್ನನ್ನು ನೋಡಿ, "ದೂರ ನಿಂತ್ಕೋ, ನಿನ್ನ ಮೇಲೆ ಪುಡಿ ಬೀಳುತ್ತೆ" ಎಂದರು. ಇಬ್ಬರಿಗೂ ನಗು ಬಂತು. ನನಗೆ ಅಳುವೂ ಬಂತು.

ಆಗಸ್ಟ್ 30, ಶನಿವಾರ

ವಿಡಿಯೋ ತೆಗೆದುಹಾಕಿಬಿಡು ಎಂದ ಅಣ್ಣ. "ಜನ ಉಗೀತಾರೆ ಕಣೇ. ಅಂಗಡಿಗೂ ಕೆಟ್ಟ ಹೆಸ್ರು."

ತೆಗೆಯಲಿಲ್ಲ. ಆ ಎರಡು ತುಣುಕುಗಳನ್ನೇ ಬೇರೆ ಮಾಡಿ ಮತ್ತೆ ಹಾಕಿದೆ. ಕೆಳಗೆ ಬರೆದೆ: ನನ್ನ ಬ್ರೆಡ್ ತಿಂದು ಒಂದು ಮಗು ಐದು ದಿನ ಮಲಗಿತು. ನಾನು ಆ ಮಗುವಿನ ತಾಯಿಯ ಮೇಲೆ ತಪ್ಪು ಹೊರಿಸಿದೆ, ನನ್ನ ಅತ್ತಿಗೆಯ ಮೇಲೆ ಹೊರಿಸಿದೆ. ಕೈ ನನ್ನದೇ ಆಗಿತ್ತು. 'ಮನೆಯವರನ್ನು ನಂಬಬೇಡಿ' ಎಂದು ಬರೆದಿದ್ದೆ, ಅದನ್ನು ವಾಪಸು ತೆಗೆದುಕೊಳ್ಳುತ್ತೇನೆ. ನೀವು ಕೆಲಸ ಮಾಡುವಾಗ ಹೊರಗಿನವರೊಬ್ಬರನ್ನು ನಿಲ್ಲಿಸಿಕೊಂಡು ನೋಡಲು ಹೇಳಿ.

ಉಗಿದರು. ಸಾಕಷ್ಟು ಉಗಿದರು. ಮುನ್ನೂರು ಜನ ಪೇಜ್ ಬಿಟ್ಟು ಹೋದರು. ಆದರೆ ಸಂಜೆಯ ಹೊತ್ತಿಗೆ ಬೇರೆಯವರು ಬರೆಯತೊಡಗಿದರು. ಒಬ್ಬಳು ವರ್ಷದಿಂದ ಅಂಚೆ ಕಚೇರಿಯಲ್ಲಿ ಲಕೋಟೆಯ ಗೋಂದನ್ನು ನಾಲಿಗೆಯಿಂದ ಒದ್ದೆ ಮಾಡುತ್ತಿದ್ದಳಂತೆ, ಅದರಲ್ಲೇನಿದೆ ಎಂದು ಒಂದು ಸಲವೂ ಯೋಚಿಸಿರಲಿಲ್ಲವಂತೆ. ಬಿಸ್ಕತ್ತು ವಿರಹಿ ಮಕ್ಕಳ ತಟ್ಟೆ ತೊಳೆಯುವ ಮುಂಚೆ ಉಳಿದ ಚೂರನ್ನು ಬಾಯಿಗೆ ಹಾಕಿಕೊಳ್ಳುತ್ತಾನಂತೆ. "ಅದು ತಿಂದ ಹಾಗೆ ಅಲ್ಲ ಅಂದ್ಕೊಂಡಿದ್ದೆ" ಎಂದು ಬರೆದಿದ್ದಾನೆ.

ದರ್ಜಿಯಿಂದ ಏನೂ ಇಲ್ಲ.

ಸೆಪ್ಟೆಂಬರ್ 15, ಸೋಮವಾರ

ಜೇಬಿಗೆ ಹಿಟ್ಟು ಹಾಕದೆ ಒಂದು ವಾರ ಪ್ರಯತ್ನಪಟ್ಟೆ. ಮೂರು ಸಲ ಕೈ ಡ್ರಮ್ಮಿನೊಳಗೆ ಇದ್ದಾಗ ಎಚ್ಚರವಾಯಿತು. ಡ್ರಮ್ಮಿನ ಜಾಗ ಬದಲಿಸಿದೆ, ಕೈ ಹುಡುಕಿಕೊಂಡು ಹೋಯಿತು.

ಡಾಕ್ಟರಮ್ಮನಿಗೆ ನಾನೇ ಫೋನು ಮಾಡಿದೆ. ಅಕ್ಟೋಬರಿಗೆ ಕಾಯುವುದು ಬೇಡ, ಬಿಡುತ್ತೇನೆ ಎಂದೆ. "ಯಾರು ನೋಡ್ಕೋತಾರೆ ಭಟ್ಟೀನ?" ಎಂದು ಕೇಳಿದರು. ಅಂಕಿ ಬಿಟ್ಟು ಬೇರೆ ಏನನ್ನಾದರೂ ಅವರು ಕೇಳಿದ್ದು ಇದೇ ಮೊದಲು.

"ಅತ್ತಿಗೆ" ಎಂದೆ. ಹೇಳಿದ ಮೇಲೆ ನನಗೂ ಗೊತ್ತಾಯಿತು.

ಅಣ್ಣ ಬಿದ್ದು ಬಿದ್ದು ನಕ್ಕ. ಅತ್ತಿಗೆ ನಗಲಿಲ್ಲ. "ನಂಗೆ ಬರುತ್ತಾ?" ಎಂದರು. ಭಟ್ಟಿ ಮನೆಯ ಹೊರಗೆ, ಅಂಗಳದ ಕಿಟಕಿಯ ಹತ್ತಿರ ಸ್ಟೂಲು ಹಾಕಿಕೊಂಡು, ಗಾಜಿನ ಈಚೆಯಿಂದ ಕಲಿಸುತ್ತಿದ್ದೇನೆ. ಕೂಗಿ ಕೂಗಿ ಗಂಟಲು ಕಟ್ಟಿದೆ. ಅತ್ತಿಗೆ ಮೊದಲ ದಿನ ಹಿಟ್ಟು ಎರಚಿದಾಗ ಅದು ನಾಲ್ಕಕ್ಕೇ ಕಪ್ಪಾಯಿತು. "ಬಾಗ್ಲು ತೆಗೀರಿ! ಕಾಯಿರಿ!" ಎಂದು ಕಿರುಚಿದೆ. ಕಾದರು. ಎಂಟಕ್ಕೆ ಕೆಂಪಾದಾಗ ಕಿಟಕಿಯ ಕಡೆ ತಿರುಗಿ ನೋಡಿದರು. ಅಪ್ಪ ನನ್ನನ್ನು ಯಾಕೆ ಹಾಗೆ ನೋಡುತ್ತಿದ್ದ ಎಂದು ಈಗ ಗೊತ್ತಾಯಿತು.

ಮೇಲೆ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಅತ್ತೆ. ಇಪ್ಪತ್ತೇಳು ವರ್ಷ. ಅಷ್ಟು ಅಳಬಹುದು.

ಅಕ್ಟೋಬರ್ 16, ಗುರುವಾರ

ತೊಂಬತ್ತೆರಡು.

ಡಾಕ್ಟರಮ್ಮ ನಕ್ಕರು. ಹಲ್ಲು ಚೆನ್ನಾಗಿವೆ.

ನವೆಂಬರ್ 10, ಸೋಮವಾರ

ಎದುರು ಬೀದಿಯಲ್ಲಿ ಇಸ್ತ್ರಿ ಅಂಗಡಿ ಇದ್ದ ಕೋಣೆ ಖಾಲಿಯಿತ್ತು. ಗೋಧಿಯಿಲ್ಲದ ಬ್ರೆಡ್ಡಿಗೆಂದೇ ಅದನ್ನು ಹಿಡಿದಿದ್ದೇವೆ. ಒಂದು ಕರೆಂಟಿನ ಓವನ್, ಒಂದು ಮೇಜು, ಎರಡು ಕಪಾಟು. ಗೋಧಿ ಹೊಸಿಲು ದಾಟಿಲ್ಲ. ಬೇಕರಿಯಿಂದ ಬರುವವರು ಬಾಗಿಲಾಚೆಯೇ ನಿಂತು ಮಾತಾಡಬೇಕು, ಅಣ್ಣನಾದರೂ ಸರಿ. "ನಾನೇ ಬಾಡಿಗೆಗೆ ಹಿಡಿದು ನಾನೇ ಹೊರಗೆ ನಿಲ್ಬೇಕಾ?" ಎನ್ನುತ್ತಾನೆ, ನಿಲ್ಲುತ್ತಾನೆ.

ಓವನ್ನಿಗೆ ಅಂಕಿ ತೋರಿಸುವ ಗಾಜು ಇದೆ. ಕಾವು ನೋಡಲು ಯಾರೂ ಬೇಕಿಲ್ಲ. ಅದೊಂದು ನನಗೆ ಸೇರುವುದಿಲ್ಲ.

ಮಾಡಿದ ಬ್ರೆಡ್ಡನ್ನು ಕಳಿಸುವ ಮುಂಚೆ, ಗ್ಲುಟೆನ್ ಇದ್ದರೆ ತೋರಿಸುವ ಪರೀಕ್ಷೆಯ ಕಾಗದದ ಪಟ್ಟಿಯಲ್ಲಿ ನೋಡುತ್ತೇನೆ. ಮೊದಲ ವಾರದ್ದು ಯಾರಿಗೂ ಕಳಿಸಲಿಲ್ಲ, ನಾನೊಬ್ಬಳೇ ತಿಂದೆ, ಎಂಟು ದಿನ ಕಾದೆ. ಏನೂ ಆಗಲಿಲ್ಲ.

ಡಿಸೆಂಬರ್ 2, ಮಂಗಳವಾರ

ಅಂಚೆಯಲ್ಲಿ ಒಂದು ಪೊಟ್ಟಣ ಬಂತು. ಒಳಗೆ ಒಂದು ಏಪ್ರನ್. ದಪ್ಪ ಹತ್ತಿಯ ಬಟ್ಟೆ, ಎರಡೆರಡು ಹೊಲಿಗೆ, ಅಂಚು ಎಲ್ಲೂ ಬಿಡುವಂತಿಲ್ಲ. ತಿರುಗಿಸಿ ಮುರುಗಿಸಿ ನೋಡಿದೆ. ಬಲಗಡೆ ಜೇಬಿಲ್ಲ. ಎಡಗಡೆಯೂ ಇಲ್ಲ.

ಜೊತೆಗೊಂದು ಚೀಟಿ:

"ಅಕ್ಕಾ, ಮೂರು ತಿಂಗಳು ನಿಮ್ಮ ಮೇಲೆ ಸಿಟ್ಟಿತ್ತು. ಚಾಕು ನೋಡಿ ಅಂದಿದ್ದಕ್ಕೆ, ಬ್ರೆಡ್ಡಿಗಲ್ಲ. ಆ ಚಾಕು ಎಸೆದುಬಿಟ್ಟಿದ್ದೆ. ಜೇಬು ಬೇಕಂತಲೇ ಇಟ್ಟಿಲ್ಲ. ಮಗಳು ಬ್ರೆಡ್ ಕೇಳ್ತಿದ್ದಾಳೆ. ನಾನು ಬೇಡ ಅಂದೆ, ಎಂಟು ಗೀರು ಹಾಕಿದ್ದೋರದ್ದೇ ಬೇಕಂತೆ. ಎರಡು ಕಳಿಸಿ."

ಹೊಸ ಏಪ್ರನ್ ಕಟ್ಟಿಕೊಂಡು ಕೆಲಸಕ್ಕೆ ನಿಂತೆ. ಬ್ರೆಡ್ ಒಳಗಿಡುವ ಮುಂಚೆ ಬಲಗೈ ಸೊಂಟದ ಹತ್ತಿರ ಹೋಯಿತು. ಸಪಾಟು ಬಟ್ಟೆಯ ಮೇಲೆ ಸವರಿ ವಾಪಸು ಬಂತು. ಬೆಳಗಿನಿಂದ ನಾಲ್ಕು ಸಲ ಹೋಯಿತು, ನಾಲ್ಕು ಸಲವೂ ಖಾಲಿ ಬಂತು.

ಎರಡು ಬ್ರೆಡ್ ಹುಡುಗಿಗೆ ಕಟ್ಟಿಟ್ಟೆ. ಮೂರನೆಯದನ್ನು ಮನೆಗೆ ತಂದೆ. ಅತ್ತಿಗೆಯ ಭಟ್ಟಿ ಮುಗಿಯುವ ಹೊತ್ತಿಗೆ ಸರಿಯಾಗಿತ್ತು. ಸ್ನಾನ ಮಾಡಿ, ಬಟ್ಟೆ ಬದಲಿಸಿ ಬಂದು, ಅಡುಗೆಮನೆಯ ಮೇಜಿಗೆ ಕೂತರು. ನಾನು ಕೆಂಪು ಟೇಪಿನ ತಟ್ಟೆಯನ್ನೇ ಅವರ ಮುಂದಿಟ್ಟೆ.

ಇವತ್ತು ತಿಂದದ್ದು: ಬ್ರೆಡ್, ನಾನು ಎರಡು ಚೂರು, ಅತ್ತಿಗೆ ಮೂರು. ಕೂತುಕೊಂಡು.